ದುಡಿಮೆಗೇನೂ ಬರವಿರಲಿಲ್ಲ

ಹೋದ ವರ್ಷ ನಮ್ಮ ಸೀಮೆಯ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಪದ್ಯ ಓದಲು ಕರೆದಿದ್ದರು. ನನಗಿಂತ ಮುಂಚೆ ಮಾತಾಡಿದ ಹಿರಿಯರೊಬ್ಬರು ಮಕ್ಕಳಿಗೆ ಹೇಳಿದರು: ಕಷ್ಟಪಟ್ಟು ದುಡಿದವನು ಮೇಲೆ ಬಂದೇ ಬರುತ್ತಾನೆ. ಚಪ್ಪಾಳೆ ಬಿತ್ತು. ಹಿಂದೆ ಸೆರಗು ಹೊದ್ದು ನಿಂತಿದ್ದ ಕೇರಿಯ ಹೆಂಗಸರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಗಂಟಲು ಕಟ್ಟಿತು. ಬರೀ ದುಡಿಮೆಯಿಂದಲೇ ಮೇಲೆ ಬರುವ ಹಾಗಿದ್ದರೆ ಹಂದನಕೆರೆ ಸುತ್ತಿನ ತೋಟಗಳೆಲ್ಲ ಇಷ್ಟುಹೊತ್ತಿಗೆ ಆ ಹೆಂಗಸರ ಹೆಸರಿಗೆ ಆಗಿರಬೇಕಿತ್ತು.

ತಿಪಟೂರಿನ ಉಂಡೆ ಕೊಬ್ಬರಿ ದೇಶಕ್ಕೆಲ್ಲ ಗೊತ್ತು. ಅದರ ಹಿಂದಿನ ಕೆಲಸ ಗೊತ್ತಿಲ್ಲ. ಬಲಿತ ಕಾಯಿ ಕೆಡವಬೇಕು, ಹೊತ್ತು ತರಬೇಕು, ಅಟ್ಟಕ್ಕೆ ಏರಿಸಬೇಕು. ಅಲ್ಲಿ ಅದು ಹತ್ತು ಹನ್ನೊಂದು ತಿಂಗಳು ಒಣಗಿ, ಒಳಗಿನ ನೀರು ಬತ್ತಿ, ಕೊಬ್ಬರಿ ಕರಟ ಬಿಟ್ಟು ಗುಡುಗುಡು ಆಡಬೇಕು. ಆಮೇಲೆ ಇಳಿಸಿ ಮಟ್ಟೆ ಸುಲಿಯಬೇಕು, ಉಂಡೆ ಮುಕ್ಕಾಗದ ಹಾಗೆ ಕರಟ ಒಡೆಯಬೇಕು. ಸುಲಿಯುವ ಕೈ ಒಬ್ಬರದು, ಮಾರ್ಕೆಟ್ಟಿನಲ್ಲಿ ದುಡ್ಡು ಎಣಿಸುವ ಕೈ ಇನ್ನೊಬ್ಬರದು. ನಮ್ಮ ತಾತ ಮದುವೆ ಸಾಲಕ್ಕೆ ಜೀತಕ್ಕಿದ್ದವರು. ಅವರ ಅಂಗೈ ಮುಟ್ಟಿದರೆ ಮಟ್ಟೆ ಮುಟ್ಟಿದ ಹಾಗಿತ್ತು. ಆ ಮನುಷ್ಯ ಸೋಮಾರಿಯಾಗಿದ್ದರು ಎಂದು ಯಾರಾದರೂ ಹೇಳಲಿ ನೋಡೋಣ.

ಹಾಗಾದರೆ ಕೊರತೆ ಇದ್ದದ್ದು ಎಲ್ಲಿ? ಗೆಳೆಯರೇ, ಇದಕ್ಕೆ ಉತ್ತರ ಚರಿತ್ರೆಯಲ್ಲಿದೆ.

ನಮ್ಮ ತಾಲ್ಲೂಕು ಹಳೇ ಮೈಸೂರು ಸಂಸ್ಥಾನದ್ದು. ಮಾದರಿ ಸಂಸ್ಥಾನ ಎಂದು ಹೊಗಳಿಸಿಕೊಂಡ ಆ ರಾಜ್ಯದಲ್ಲಿ ಕೇರಿಯ ಮಕ್ಕಳಿಗೆ ಬೇರೆ ಶಾಲೆ, ಅದಕ್ಕೆ ಪಂಚಮ ಶಾಲೆ ಎಂದು ಹೆಸರು. ಅದೂ ಎಲ್ಲೋ ಒಂದೊಂದು ಕಡೆ. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂತು. ಆರಿಸಿದ ಜಾಗಗಳಲ್ಲಿ ಮಾತ್ರ ಕಡ್ಡಾಯ ಶಿಕ್ಷಣ. ಆ ಕಾಲದಲ್ಲಿ ನೂರಕ್ಕೆ ಐದರಷ್ಟೂ ಇಲ್ಲದ ಒಂದು ಜಾತಿಯ ಕೈಯಲ್ಲಿ ಸರ್ಕಾರದ ದೊಡ್ಡ ಹುದ್ದೆಗಳ ಬಹುಪಾಲು ಇತ್ತು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿಯವರು ಇದನ್ನು ಎತ್ತಿ ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ದಿವಾನ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆ ಕೆಡುತ್ತದೆ, ಆಡಳಿತ ಸಡಿಲವಾಗುತ್ತದೆ ಎಂಬುದು ಅವರ ವಾದ. ಅವರು ಹುದ್ದೆಯನ್ನೇ ಬಿಟ್ಟರು. ಅಣೆಕಟ್ಟು ಕಟ್ಟಿದ ದೊಡ್ಡ ಬುದ್ಧಿ ಅದು, ಅಲ್ಲಗಳೆಯುವುದಿಲ್ಲ. ಆದರೆ ಆ ಅರ್ಹತೆಯ ಮಾತು ಇವತ್ತಿಗೂ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಕೇಳಿಸುತ್ತದೆ. ನೂರು ವರ್ಷವಾದರೂ ಮುಪ್ಪಾಗಿಲ್ಲ.

1919ರಲ್ಲಿ ಮಿಲ್ಲರ್ ಸಮಿತಿ ವರದಿ ಕೊಟ್ಟಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಅಂದಿತು. ವಿದ್ಯಾರ್ಥಿವೇತನ, ಹಾಸ್ಟೆಲುಗಳ ಮಾತನ್ನೂ ಆಡಿತು. 1921ರಲ್ಲಿ ಸರ್ಕಾರದ ಆದೇಶವೂ ಆಯಿತು. ಕೇರಿಗೆ ಬಂದದ್ದೆಷ್ಟು? ಬಹಳ ಕಮ್ಮಿ. ಭೂಮಿಯಿದ್ದ, ಅಷ್ಟೋ ಇಷ್ಟೋ ಅಕ್ಷರವಿದ್ದ ಜಾತಿಗಳು ಬಾಗಿಲು ತೆರೆದ ಕೂಡಲೇ ಒಳಗೆ ಹೋದವು. ನಮ್ಮವರು ಇನ್ನೂ ಅಂಗಳಕ್ಕೇ ಬಂದಿರಲಿಲ್ಲ. ಹುದ್ದೆ ಇಟ್ಟಿದ್ದೇವೆ ಬಾ ಅಂದರೆ, ಒಂದನೇ ಕ್ಲಾಸು ಓದದವನು ಎಲ್ಲಿಂದ ಬಂದಾನು?

ಬಾಬಾಸಾಹೇಬರ ಉದಾಹರಣೆಯನ್ನು ಭಾಷಣದವರು ತಪ್ಪದೆ ಕೊಡುತ್ತಾರೆ. ಅವರಷ್ಟು ಕಷ್ಟಪಟ್ಟು ಓದಿದವರು ಯಾರಿದ್ದಾರೆ? ನಿಜ. ಆದರೆ 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಇಲ್ಲದಿದ್ದರೆ ಅವರು ಕೊಲಂಬಿಯಾಕ್ಕೆ ಹಡಗು ಹತ್ತುವುದಾದರೂ ಹೇಗೆ? ಇದು ಅಂಬೇಡ್ಕರರಿಗೆ ಚೆನ್ನಾಗಿ ಗೊತ್ತಿತ್ತು. ಅವರು ವೈಸರಾಯ್ ಮಂಡಳಿಯಲ್ಲಿದ್ದಾಗಲೇ, 1944ರಲ್ಲಿ, ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ನಾನು ಬಿ.ಎ. ಓದಿದ್ದು ಅದರಲ್ಲೇ. ಹಾಸ್ಟೆಲಿನ ಅನ್ನ, ಅವರಿವರು ಓದಿ ಬಿಟ್ಟ ಪುಸ್ತಕ, ಆ ದುಡ್ಡು. ರಾತ್ರಿ ನಿದ್ದೆಗೆಟ್ಟವನು ನಾನೇ, ಅದನ್ನೂ ಸುಳ್ಳೆನ್ನುವುದಿಲ್ಲ.

ಹಾಸ್ಟೆಲ್ ಎಂದರೆ ಬರೀ ಅನ್ನವಲ್ಲ. ಒಂದೊಂದು ಕೇರಿಯಲ್ಲಿ ಒಬ್ಬೊಬ್ಬರೇ ನುಂಗಿಕೊಂಡಿದ್ದ ಅವಮಾನವನ್ನು ನಲವತ್ತು ಹುಡುಗರು ಒಂದೇ ಪಂಕ್ತಿಯಲ್ಲಿ ಕೂತು ಹೇಳಿಕೊಂಡದ್ದು ಅಲ್ಲಿ. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿ ಬಿ. ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಗಲಾಟೆ ಎದ್ದಿತಲ್ಲ, ಆಗ ಏಟು ಬಿದ್ದದ್ದು ದಲಿತ ವಿದ್ಯಾರ್ಥಿಗಳಿಗೆ, ಅವರ ಹಾಸ್ಟೆಲುಗಳಿಗೆ. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಆದರೆ ಏಟು ತಿಂದ ಆ ಹುಡುಗರು ಊರುಗಳಿಗೆ ವಾಪಸ್ಸು ಹೋಗಿ ಸಂಘ ಕಟ್ಟಿದರು. ಭದ್ರಾವತಿಯಲ್ಲಿ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರು ಅವರಿಗೆ ಹಿರಿಯಣ್ಣನಾದರು. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ಧಲಿಂಗಯ್ಯನವರು 1975ರಲ್ಲಿ 'ಹೊಲೆಮಾದಿಗರ ಹಾಡು' ತಂದರು. ಎಳೆಯ ಹುಡುಗನಾಗಿದ್ದಾಗ ಅವರು ಕಂಡದ್ದು ತಮ್ಮ ಅಪ್ಪನ ಹೆಗಲ ಮೇಲೆ ನೊಗವನ್ನು. ಎತ್ತಿನ ಜಾಗದಲ್ಲಿ ಅಪ್ಪ. ಅದಕ್ಕಿಂತ ಕಷ್ಟದ ದುಡಿಮೆ ಯಾವುದಿದೆ? ಆ ನೊಗ ಅಪ್ಪನನ್ನು ಎಲ್ಲಿಗೂ ಮೇಲೆತ್ತಲಿಲ್ಲ. ಮಗ ಶಾಲೆಗೆ ಹೋದರು, ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಮೇಷ್ಟರಾದರು.

ನಮ್ಮಲ್ಲೂ ಕೆಲವರು ನೌಕರಿ ಸಿಕ್ಕಿದ ಮೇಲೆ 'ನಾನು ಸ್ವಂತ ಶ್ರಮದಿಂದ ಬಂದೆ' ಅನ್ನಲು ಶುರುಮಾಡಿದ್ದಾರೆ. ಅವರ ಅಪ್ಪ ಅಮ್ಮನ ಶ್ರಮ ಯಾವ ಲೆಕ್ಕಕ್ಕೆ ಹೋಯಿತೋ!

1975ರ ಅಕ್ಟೋಬರಿನಲ್ಲಿ ಜೀತ ರದ್ದು ಮಾಡಿ ಸುಗ್ರೀವಾಜ್ಞೆ ಬಂತು, ಮುಂದಿನ ವರ್ಷ ಕಾಯಿದೆಯಾಯಿತು. ತಾತ ಬಿಡುಗಡೆಯಾದದ್ದು ಅದಾಗಿ ಸುಮಾರು ದಿನಕ್ಕೆ. ಸಾಲದ ಪತ್ರವನ್ನು ವಾಪಸ್ಸು ಇಸಕೊಂಡು ಬಂದು ಟ್ರಂಕಿನಲ್ಲಿಟ್ಟಿದ್ದರು. ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ನಾನು ಡಿಗ್ರಿ ಮುಗಿಸಿ ಬಂದ ವರ್ಷ ಅಜ್ಜಿ ಅದನ್ನು ತೆಗೆದುಕೊಟ್ಟಳು. ಓದಿದೆ. ಅಸಲು, ಬಡ್ಡಿ, ಕೆಳಗೆ ತಾತನ ಹೆಬ್ಬೆಟ್ಟು.

'ಇನ್ನೇನೈತೆ ಮಗಾ?' ಅಂದಳು.

'ಅಷ್ಟೇ ಅಜ್ಜಿ.'

'ಅಷ್ಟು ವರ್ಸ ಗೇದಿದ್ದು ಎಲ್ಲಿ ಬರ್ದವ್ರೆ, ಸರಿಯಾಗಿ ನೋಡ್ಲಾ.'

ಹಿಂದೆ ಮುಂದೆ ತಿರುವಿ ನೋಡಿದೆ. ಎಲ್ಲೂ ಬರೆದಿರಲಿಲ್ಲ.