ಪ್ಯಾಸ್ಟೆಲ್ ಭಾವಚಿತ್ರ
ಬಣ್ಣದ ಪುಡಿಗೆ ತುಸುವೇ ಅಂಟು ಬೆರೆಸಿದ ಕಡ್ಡಿಗಳಿಂದ ಒರಟು ಕಾಗದದ ಮೇಲೆ ಬಿಡಿಸುವ ವ್ಯಕ್ತಿಚಿತ್ರ. ವೆನಿಸ್ಸಿನ ರೊಸಾಲ್ಬಾ ಕರಿಯೇರಾ (1673–1757) ಇದಕ್ಕೆ ಯೂರೋಪಿನಲ್ಲಿ ಮನ್ನಣೆ ತಂದಳು. ಮೈಸೂರು ಸಂಸ್ಥಾನದ ಕಲಾವಿದ ಕೆ. ವೆಂಕಟಪ್ಪನವರಿಗೆ ಕಲ್ಕತ್ತೆಯಲ್ಲಿ ಗುರುವಾಗಿದ್ದ ಅವನೀಂದ್ರನಾಥ ಠಾಕೂರರೂ ಪ್ಯಾಸ್ಟೆಲ್‌ನಲ್ಲಿ ಭಾವಚಿತ್ರ ರಚಿಸಿದ್ದಾರೆ.

ಮುಖದ ನಯ ಪದರಪದರವಾಗಿ ಮೂಡುತ್ತದೆ. ಮೊದಲು ಗಟ್ಟಿ ಕಡ್ಡಿಯಿಂದ ನೆರಳು-ಬೆಳಕು, ಮೇಲೆ ಮೆದು ಕಡ್ಡಿಯ ಮೈಬಣ್ಣ. ಬೆರಳಿಂದ ಹದವಾಗಿ ತೀಡಬೇಕು; ಅತಿಯಾದರೆ ಕಾಗದದ ಒರಟುತನ ತುಂಬಿಹೋಗಿ ಮುಂದಿನ ಪದರ ಹಿಡಿಯದು, ಬಣ್ಣವೂ ಮಂಕಾಗುತ್ತದೆ. ನಮ್ಮ ಕಂದು ಮೈಬಣ್ಣದ ನೆರಳಿಗೆ ಬರಿಯ ಕಪ್ಪಿಗಿಂತ ನೇರಳೆ, ಹಸಿರು ಛಾಯೆಗಳೇ ಜೀವ ಕೊಡುತ್ತವೆ. ಕಣ್ಣು, ತುಟಿಯ ಅಂಚಿಗೆ ಪ್ಯಾಸ್ಟೆಲ್ ಪೆನ್ಸಿಲ್. ಕಣ್ಣಿನ ಹೊಳಪು ಕಟ್ಟಕಡೆಗೆ. ಪುಡಿ ಉದುರುವ ಕಾರಣ ಮುಗಿದ ಚಿತ್ರಕ್ಕೆ, ಗಾಜು ಅದಕ್ಕೆ ತಾಗದಂತೆ, ಗಾಜಿನ ಚೌಕಟ್ಟು ಹಾಕಬೇಕು.