ಚಾಚುಗಿವಿಯ ಶಸ್ತ್ರಚಿಕಿತ್ಸೆ

ಮೊರದಗಲ ಕಿವಿಯವನೆಂದು ಜೊತೆಗಾರರಿಂದ ಹಾಸ್ಯಕ್ಕೊಳಗಾಗುವ ಬಾಲಕನಿಗೆ ಶ್ರವಣಶಕ್ತಿಯಲ್ಲಿ ಯಾವ ನ್ಯೂನತೆಯೂ ಇರುವುದಿಲ್ಲ. ಆದರೂ ಅವನು ಪಡುವ ಸಂಕಟವು ಸುಳ್ಳಲ್ಲ. ಇಂಥ ಸಂಕಟವನ್ನು ವೈದ್ಯನು ಪರಿಹರಿಸತಕ್ಕ ಬಾಧೆಯೆಂದು ಎಣಿಸಬಹುದೆ ಎಂಬ ಪ್ರಶ್ನೆಯು ಚಾಚುಗಿವಿಯ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಅಡಗಿದೆ.

ಕಿವಿಯ ರೂಪವನ್ನು ತಿದ್ದುವ ವಿದ್ಯೆಯು ಭರತಖಂಡಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಮಕ್ಕಳಿಗೆ ರಕ್ಷೆಗಾಗಿಯೂ ಭೂಷಣಕ್ಕಾಗಿಯೂ ಕಿವಿ ಚುಚ್ಚುವ ಕ್ರಮವನ್ನು ಹೇಳಿ, ಹರಿದ ಹಾಲೆಗಳನ್ನು ಕೂಡಿಸುವ 15 ಬಗೆಯ ಬಂಧಗಳನ್ನು ವಿವರಿಸುತ್ತದೆ. ಹಾಲೆಯೇ ಇಲ್ಲದವನಿಗೆ ಕೆನ್ನೆಯ ಮಾಂಸವನ್ನು, ಒಂದು ಕಡೆ ಅಂಟಿಕೊಂಡಿರುವಂತೆಯೇ ಬಿಡಿಸಿ, ಹಾಲೆಯನ್ನು ನಿರ್ಮಿಸುವ ವಿಧಿಯೂ ಅಲ್ಲಿದೆ. ಆದರೆ ಇವೆಲ್ಲ ಹಾಲೆಗೆ ಸಂಬಂಧಿಸಿದವು. ಚಾಚುಗಿವಿಯ ದೋಷವಿರುವುದಾದರೋ ಹಾಲೆಯ ಮೇಲ್ಭಾಗದಲ್ಲಿ, ಮೃದ್ವಸ್ಥಿಯೆಂಬ ಮೆತ್ತನೆಯ ಎಲುಬಿನಲ್ಲಿ.

1845ರಲ್ಲಿ ಜರ್ಮನಿಯ ಡೀಫೆನ್‌ಬಾಖ್ ಎಂಬ ಶಸ್ತ್ರವೈದ್ಯನು, ಪೆಟ್ಟಿನಿಂದ ಮುಂದಕ್ಕೆ ಚಾಚಿದ ಕಿವಿಯ ಹಿಂಬದಿಯ ಚರ್ಮವನ್ನು ಕತ್ತರಿಸಿ ತೆಗೆದು, ಕಿವಿಯನ್ನು ತಲೆಯ ಕಡೆಗೆ ಹೊಲಿದು ನಿಲ್ಲಿಸುವ ಕ್ರಮವನ್ನು ವರ್ಣಿಸಿದನು. 1881ರಲ್ಲಿ ನ್ಯೂಯಾರ್ಕಿನ ಎಡ್ವರ್ಡ್ ಟಾಲ್ಬಟ್ ಈಲಿಯು 12 ವರ್ಷದ ಬಾಲಕನೊಬ್ಬನ ಕಿವಿಗಳನ್ನು ಸರಿಪಡಿಸಿದ ವೃತ್ತಾಂತವನ್ನು ಪ್ರಕಟಿಸಿದನು. ಆ ಬಾಲಕನ ಬಾಧೆಯು ಗಾಯವಲ್ಲ, ರೋಗವಲ್ಲ, ಜೊತೆಗಾರರ ಪರಿಹಾಸ.

ಚರ್ಮವನ್ನು ಎಷ್ಟು ಬಿಗಿದರೂ ಅದು ಕಾಲಕ್ರಮದಲ್ಲಿ ಸಡಿಲುವುದು. ಕಿವಿಯು ಮತ್ತೆ ಚಾಚಿಕೊಳ್ಳುವುದು. ಇದರ ಮೂಲವನ್ನು 1910ರಲ್ಲಿ ಅದೇ ನಗರದ ವಿಲಿಯಂ ಲಕೆಟ್ ತೋರಿಸಿಕೊಟ್ಟನು. ಕಿವಿಯ ಹೊರಯಂಚಿನ ಒಳಮಗ್ಗುಲಲ್ಲಿ ಏಳಬೇಕಾದ ಮೃದ್ವಸ್ಥಿಯ ಮಡಿಕೆಯು ಇಂಥ ಕಿವಿಗಳಲ್ಲಿ ಸರಿಯಾಗಿ ಮೂಡಿರುವುದಿಲ್ಲ. ಅವನು ಮೃದ್ವಸ್ಥಿಯನ್ನು ಕತ್ತರಿಸಿ ಹೊಲಿದು ಆ ಮಡಿಕೆಯನ್ನೇ ನಿರ್ಮಿಸಿದನು; ಆದರೆ ಕತ್ತರಿಸಿದೆಡೆ ಹರಿತವಾದ ಏಣು ಕಾಣುತ್ತಿದ್ದಿತು. 1963ರಲ್ಲಿ ಸ್ಕಾಟ್ಲೆಂಡಿನ ಮುಸ್ಟಾರ್ಡೆಯು ಮೃದ್ವಸ್ಥಿಯನ್ನು ಸೀಳದೆ, ಹಿಂಬದಿಯ ಹೊಲಿಗೆಗಳಿಂದಲೇ ಅದನ್ನು ಬಾಗಿಸಿ ನಯವಾದ ಮಡಿಕೆಯನ್ನು ಪಡೆಯುವ ಕ್ರಮವನ್ನು ಪ್ರಕಟಿಸಿದನು.

ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಶಿಶುವಿನ ಮೃದ್ವಸ್ಥಿಯು ಬಹಳ ಮೆತ್ತಗಿರುತ್ತದೆ. ಆಗ ಅಚ್ಚುಪಟ್ಟಿಯನ್ನು ಕಟ್ಟಿ ಅನೇಕ ಕಿವಿಗಳನ್ನು ಶಸ್ತ್ರವಿಲ್ಲದೆಯೇ ತಿದ್ದಬಹುದು. ಆ ಕಾಲ ಮೀರಿದರೆ, ಕಿವಿಯು ಬಹುಮಟ್ಟಿಗೆ ಬೆಳೆದಿರುವ ಐದಾರು ವರ್ಷಗಳ ವಯಸ್ಸಿನವರೆಗೆ ಕಾಯುವುದು ವಾಡಿಕೆ. ಆಗಲೂ ಮಗುವಿನ ಇಚ್ಛೆಯನ್ನರಿಯದೆ, ತಂದೆತಾಯಿಗಳ ಆತುರಕ್ಕಾಗಿ ಶಸ್ತ್ರವನ್ನು ಹಿಡಿಯುವುದು ವಿವೇಕವಲ್ಲ. ಚಾಚಿದ ಕಿವಿಯು ತಾನಾಗಿ ವ್ಯಾಧಿಯಲ್ಲ; ಅದರಿಂದ ಮಗುವಿಗೆ ಆಗುವ ನೋವೇ ಚಿಕಿತ್ಸೆಗೆ ಯೋಗ್ಯವಾದುದು.