ಸ್ಟೇಷನ್ನಿನಿಂದ ಊರಿನವರೆಗೆ

ಮುಂಬಯಿಯಿಂದ ಹೊರಟ ರೈಲಿನಲ್ಲಿ ಕಿಟಕಿಯ ಬಳಿ ಕುಳಿತು ಸ್ಟೇಷನ್ನುಗಳ ಹಳದಿ ಫಲಕಗಳನ್ನು ಓದುತ್ತ ಸಾಗುವವರಿಗೆ ಒಂದು ಶಬ್ದ ಮತ್ತೆ ಮತ್ತೆ ಎದುರಾಗುತ್ತದೆ. ಅದು 'ರೋಡ್'. ನಾಸಿಕ್ ರೋಡ್, ಅಕ್ಕಲಕೋಟ ರೋಡ್, ಗಾಣಗಾಪುರ ರೋಡ್, ಮಂತ್ರಾಲಯಂ ರೋಡ್. ರಾಜಸ್ಥಾನದ ಕಡೆಗೆ ಹೋದರೆ ಅಬು ರೋಡ್. ಪಶ್ಚಿಮ ಘಟ್ಟದ ಮಾರ್ಗದಲ್ಲಿ ಸುಬ್ರಹ್ಮಣ್ಯ ರೋಡ್. ಕೊಂಕಣ ರೈಲ್ವೆಯಲ್ಲಿ ಗೋಕರ್ಣ ರೋಡ್. ಈ ಶಬ್ದಕ್ಕೆ ರೈಲ್ವೆಯವರ ರೂಢಿಯಲ್ಲಿ ಒಂದೇ ಅರ್ಥ: ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿಂದ ಹೊರಡುತ್ತದೆ.

ಈ ಪಟ್ಟಿಯಲ್ಲಿ ಕ್ಷೇತ್ರಗಳೇ ಹೆಚ್ಚಾಗಿರುವುದು ಆಕಸ್ಮಿಕವಲ್ಲ. ಪುಣ್ಯಕ್ಷೇತ್ರಗಳು ನದಿಯ ಮಡುವಿನಲ್ಲಿ, ಸಂಗಮದಲ್ಲಿ, ಬೆಟ್ಟದ ಬುಡದಲ್ಲಿ ಬೆಳೆದವು. ರೈಲು ಮಾರ್ಗವನ್ನು ಅಳೆದ ಎಂಜಿನಿಯರನಿಗಾದರೋ ನದಿ ಮತ್ತು ಬೆಟ್ಟ ಎರಡೂ ಖರ್ಚಿನ ಬಾಬುಗಳು. ಮುಂಬಯಿಯಿಂದ ಈಶಾನ್ಯಕ್ಕೆ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮೊದಲು ಥಲ್ ಘಾಟನ್ನು ಏರಬೇಕಿತ್ತು. ಅಲ್ಲಿಯ ಏರು 37 ಅಡಿಗೆ ಒಂದು ಅಡಿ. ಆ ಘಟ್ಟದ ಮಾರ್ಗ ತೆರೆದದ್ದು 1865ರಲ್ಲಿ. ಅಷ್ಟು ಕಷ್ಟಪಟ್ಟು ಇಗತ್ಪುರಿಯ ಎತ್ತರಕ್ಕೆ ಬಂದ ಮೇಲೆ ಗೋದಾವರಿಯ ದಂಡೆಯ ಒಂದು ಊರಿಗಾಗಿ ಮಾರ್ಗವನ್ನು ಬಳಸಿ ಒಯ್ಯುವುದು ಲೆಕ್ಕಕ್ಕೆ ಕೂಡಿಬರಲಿಲ್ಲ. ಹಳಿಗಳು ನಾಸಿಕದ ಆಗ್ನೇಯಕ್ಕೆ ಸುಮಾರು 9 ಕಿ.ಮೀ. ದೂರದಲ್ಲಿ ಹಾದುಹೋದವು. ಯಾತ್ರಿಕನು ಬಯಲಿನ ಸ್ಟೇಷನ್ನಿನಲ್ಲಿ ಗಂಟು ಮೂಟೆಯೊಡನೆ ಇಳಿದು ನಿಂತನು.

ನಮ್ಮ ದೇಶದ ಎಷ್ಟೋ ಸಣ್ಣ ಊರುಗಳಲ್ಲಿ ಸಾರ್ವಜನಿಕ ಸಾರಿಗೆ ಹುಟ್ಟಿಕೊಂಡದ್ದು ಇಂಥ ಕಡೆಯಲ್ಲಿ. ಮಹಾನಗರಗಳ ಟ್ರಾಮು, ಬಸ್ಸುಗಳ ಇತಿಹಾಸವನ್ನು ಬರೆದವರು ಬಹಳ ಮಂದಿ. ಈ ಹತ್ತು-ಹದಿನೈದು ಕಿ.ಮೀ.ಗಳ ಇತಿಹಾಸಕ್ಕೆ ಅಷ್ಟು ಗಮನ ದೊರೆತಿಲ್ಲ. ನೂರಾರು ಮೈಲು ರೈಲಿನಲ್ಲಿ ಸುಖವಾಗಿ ಬಂದ ಮುದುಕರು, ಹೆಂಗಸರು, ಮಕ್ಕಳು ನಿಜವಾಗಿ ಕಷ್ಟಪಟ್ಟದ್ದು ಮಾತ್ರ ಇದೇ ಕೊನೆಯ ಅಳತೆಯಲ್ಲಿ.

ಮೊದಲು ಆ ಅಂತರವನ್ನು ತುಂಬಿದ್ದು ಎತ್ತಿನ ಗಾಡಿ ಮತ್ತು ಟಾಂಗಾ. ಬಾಡಿಗೆ ಆಯಾ ಹೊತ್ತಿನದು. ರಾತ್ರಿ ಇಳಿದವನಿಗೆ ಒಂದು ದರ, ಮಳೆಯಲ್ಲಿ ಇಳಿದವನಿಗೆ ಇನ್ನೊಂದು, ಪರ್ವಕಾಲದಲ್ಲಿ ಗಾಡಿಯವನ ಬಾಯಿಗೆ ಬಂದಷ್ಟು. ಗಾಡಿಯವನನ್ನು ದೂರಿ ಫಲವಿಲ್ಲ, ಅವನ ಎತ್ತು ಕುದುರೆಗಳು ಯಾತ್ರಿಕರಿಲ್ಲದ ದಿನವೂ ಮೇವು ಬೇಡುತ್ತಿದ್ದವು.

ನಾಸಿಕದಲ್ಲಿ ಇದಕ್ಕೆ ಒಂದು ಉತ್ತರ ದೊರೆತದ್ದು 1889ರಲ್ಲಿ. ಹಳೆಯ ಊರಿನ ಮೇನ್ ರೋಡಿನಿಂದ ನಾಸಿಕ್ ರೋಡ್ ಸ್ಟೇಷನ್ನಿನವರೆಗೆ ಟ್ರಾಂ ಓಡತೊಡಗಿತು. ಊರಿನ ತುದಿಯಲ್ಲಿ ಅದು ನಿಲ್ಲುತ್ತಿದ್ದದ್ದು ಈಗ ಹಳೆಯ ಮುನ್ಸಿಪಲ್ ಕಟ್ಟಡ ಇರುವ ಜಾಗದಲ್ಲಿ. ಹಳಿಗಳ ನಡುವಣ ಅಳತೆ ಎರಡೂವರೆ ಅಡಿ, ಈಗಿನ ಲೆಕ್ಕದಲ್ಲಿ 762 ಮಿ.ಮೀ.; ಎರಡು ಡಬ್ಬಿಗಳು; ಅವುಗಳನ್ನು ಎಳೆಯಲು ನಾಲ್ಕು ಕುದುರೆಗಳು. ಮುಂಬಯಿಯಲ್ಲಿ ಕುದುರೆ ಟ್ರಾಂ ಆರಂಭವಾದದ್ದು 1874ರ ಮೇ 9ರಂದು. ಹದಿನೈದೇ ವರ್ಷಗಳಲ್ಲಿ ಒಂದು ತಾಲ್ಲೂಕು ಪಟ್ಟಣದಂತಿದ್ದ ನಾಸಿಕಕ್ಕೆ ಅದೇ ಸೌಕರ್ಯ ಬಂದಿತೆಂಬುದು ಇಂದಿಗೂ ಅಚ್ಚರಿಯ ಸಂಗತಿ.

ಕುದುರೆಯಿಂದಲೇ ಎಳೆಸುವುದಾದರೆ ಹಳಿ ಏತಕ್ಕೆ ಎಂದು ಕೇಳಬಹುದು. ಜಲ್ಲಿಯ ರಸ್ತೆಯಲ್ಲಿ ಗಾಡಿಯ ಚಕ್ರ ಪ್ರತಿ ಕಲ್ಲನ್ನೂ ಹತ್ತಿ ಇಳಿಯಬೇಕು, ಮಳೆಗಾಲದಲ್ಲಿ ಕೆಸರಿನಲ್ಲಿ ಹೂಳಬೇಕು. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಚಕ್ರಕ್ಕೆ ಆ ತಡೆ ಬಹಳ ಕಡಿಮೆ. ಅದೇ ಕುದುರೆ ಅಲ್ಲಿ ಹಲವು ಪಟ್ಟು ಭಾರವನ್ನು ಎಳೆಯಬಲ್ಲದು. ಆದುದರಿಂದ ತಲೆಗೆ ಬೀಳುವ ಖರ್ಚು ಟಾಂಗಾಕ್ಕಿಂತ ಕಡಿಮೆ, ಹೊತ್ತೂ ಖಚಿತ. ಕಷ್ಟವಿರುವುದು ಕುದುರೆಯಲ್ಲಿಯೇ. ಅದು ದಿನಕ್ಕೆ ಕೆಲವೇ ಗಂಟೆ ದುಡಿಯಬಲ್ಲದು; ಒಂದು ಗಾಡಿ ದಿನವಿಡೀ ಓಡಬೇಕಾದರೆ ಲಾಯದಲ್ಲಿ ಹಲವು ಜೊತೆ ಕುದುರೆಗಳಿರಬೇಕು. ಮುಂಬಯಿಯ ಟ್ರಾಂ ಕಂಪನಿಯ ಲಾಯದಲ್ಲಿ 900 ಕುದುರೆಗಳಿದ್ದವೆಂದು ಹೇಳುತ್ತಾರೆ. ಹುಲ್ಲು, ಹುರುಳಿ, ಲಾಳ, ಸಾಹಣಿ ಇವುಗಳ ಖರ್ಚು ಪ್ರಯಾಣಿಕರಿದ್ದರೂ ಇಲ್ಲದಿದ್ದರೂ ನಿಲ್ಲುವುದಿಲ್ಲ.

ನಾಸಿಕದ ಟ್ರಾಮಿಗೆ ಪೆಟ್ಟು ಬಿದ್ದದ್ದು ಇಲ್ಲಿಯೇ. 1896ರಲ್ಲಿ ಮುಂಬಯಿ ಇಲಾಖೆಗೆ ಪ್ಲೇಗು ಬಂದಿತು. 1896-97ರಲ್ಲಿಯೂ 1899-1900ರಲ್ಲಿಯೂ ಘೋರ ಕ್ಷಾಮ. ಕ್ಷಾಮದಲ್ಲಿ ಹುಲ್ಲಿನ ಬೆಲೆ ಏರುತ್ತದೆ. ಪ್ಲೇಗಿನಲ್ಲಿ ಯಾತ್ರೆ ನಿಲ್ಲುತ್ತದೆ. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯು ಸರ್ಕಾರಕ್ಕೆ ಜನರ ಓಡಾಟವನ್ನೇ ತಡೆಯುವ ಅಧಿಕಾರವನ್ನು ಕೊಟ್ಟಿತ್ತು. ಯಾತ್ರಿಕರನ್ನೇ ನಂಬಿದ್ದ ಮಾರ್ಗಕ್ಕೆ ಒಂದು ಕೈಯಲ್ಲಿ ಖರ್ಚು ಹೆಚ್ಚಿ ಇನ್ನೊಂದು ಕೈಯಲ್ಲಿ ವರಮಾನ ಬತ್ತಿತು. ಆದರೂ ಅದು ಆಗಲೇ ನಿಲ್ಲಲಿಲ್ಲವೆಂಬುದನ್ನು ಗಮನಿಸಬೇಕು. ಮುಂದೆ ಕುದುರೆಗಳ ಬದಲು ಪೆಟ್ರೋಲ್ ಎಂಜಿನ್ನನ್ನು ಹೂಡಿ ಮತ್ತೂ ಕೆಲವು ಕಾಲ ನಡೆಸಿದರು. ಕೊನೆಗೆ 1931 ಮತ್ತು 1933ರ ನಡುವೆ ಟ್ರಾಂ ನಿಂತಿತು.

ಅದೇ ಕಾಲದಲ್ಲಿ ಇತರೆಡೆಯಲ್ಲಿಯೂ ಹೀಗೆಯೇ ಆಯಿತು. ಪಾಟ್ನಾದಲ್ಲಿ 1886ರಲ್ಲಿ ಆರಂಭವಾದ ಕುದುರೆ ಟ್ರಾಂ ಜನ ಸಾಲದೆ 1903ರಲ್ಲಿ ನಿಂತುಹೋಗಿತ್ತು. ಕಾನ್ಪುರದಲ್ಲಿ 1907ರಲ್ಲಿ ರೈಲ್ವೆ ಸ್ಟೇಷನ್ನಿನಿಂದ ಗಂಗಾತೀರದ ಸಿರ್ಸಯ್ಯಾ ಘಾಟಿನವರೆಗೆ ಸುಮಾರು ನಾಲ್ಕು ಮೈಲಿಯ ವಿದ್ಯುತ್ ಟ್ರಾಂ ಬಂದಿತು. ಅದೂ ಸ್ಟೇಷನ್ನಿನಿಂದ ನದಿಗೆ ಎಂಬುದನ್ನು ಓದುಗರು ಗಮನಿಸಬೇಕು. 1933ರ ಮೇ ತಿಂಗಳಲ್ಲಿ ಅದೂ ಮುಚ್ಚಿತು.

ಅಂತರವನ್ನು ತುಂಬಲು ಇನ್ನೂ ಧೈರ್ಯದ ಯತ್ನವೊಂದು ನಡೆದದ್ದು ಸೋಲಾಪುರ ಜಿಲ್ಲೆಯಲ್ಲಿ. ಇಂದಿನ ಕುರ್ಡುವಾಡಿಗೆ ಆಗ ಬಾರ್ಶಿ ರೋಡ್ ಎಂದೇ ಹೆಸರು. ಬಾರ್ಶಿ ಊರು ಅಲ್ಲಿಂದ 21 ಮೈಲು ದೂರ. ಎವೆರಾರ್ಡ್ ಕ್ಯಾಲ್ತ್ರಾಪ್ ಎಂಬ ಎಂಜಿನಿಯರನು ಅಲ್ಲಿ 1897ರಲ್ಲಿ ಎರಡೂವರೆ ಅಡಿಯ ಹಗುರ ರೈಲನ್ನು ತೆರೆದನು. ಪ್ರತಿ ಅಚ್ಚಿನ ಮೇಲೆ 5 ಟನ್ನಿಗಿಂತ ಹೆಚ್ಚು ಭಾರ ಬೀಳದಂತೆ ಎಂಜಿನ್ನು, ಡಬ್ಬಿ ಎಲ್ಲವನ್ನೂ ರೂಪಿಸಿದ್ದೇ ಅವನ ಜಾಣ್ಮೆ. ಭಾರ ಹಂಚಿಹೋದರೆ ಹಗುರವಾದ ಹಳಿ ಸಾಕು, ಹಗುರವಾದ ಹಳಿ ಸಾಕಾದರೆ ಸಣ್ಣ ಊರಿಗೂ ರೈಲು ಎಟಕುತ್ತದೆ. 1906ರಲ್ಲಿ ಈ ಮಾರ್ಗ ಪಂಢರಪುರವನ್ನು ಮುಟ್ಟಿತು. 1927ರಲ್ಲಿ ಮೀರಜ್ ತಲುಪಿತು. ಆಷಾಢ, ಕಾರ್ತಿಕ ಏಕಾದಶಿಗಳಿಗೆ ಹೊರಟ ವಿಠ್ಠಲನ ಭಕ್ತರು, ಕನ್ನಡ ನಾಡಿನಿಂದ ಬಂದವರೂ ಸೇರಿ, ತಲೆಮಾರುಗಳ ಕಾಲ ಈ ಪುಟ್ಟ ಡಬ್ಬಿಗಳಲ್ಲಿ ಇಕ್ಕಟ್ಟಾಗಿ ಕುಳಿತು ಹೋದರು. ನಾಸಿಕದ ಟ್ರಾಂ ಅಳಿದಿತು, ಬಾರ್ಶಿಯ ರೈಲು ಉಳಿಯಿತು. ಯಾತ್ರಿಕರಿಲ್ಲದ ದಿನ ಹತ್ತಿ, ಕಾಳುಕಡಿಗಳ ಸಾಗಣೆ ಅದರ ಹೊಟ್ಟೆ ಹೊರೆಯುತ್ತಿತ್ತು. 1954ರಲ್ಲಿ ಸರ್ಕಾರ ಅದನ್ನು ಕೊಂಡಿತು; ಈ ಶತಮಾನದ ಆರಂಭದ ದಶಕದಲ್ಲಿ ಹಂತ ಹಂತವಾಗಿ ಅದು ಬ್ರಾಡ್‌ಗೇಜ್ ಆಯಿತು.

ಟ್ರಾಮುಗಳನ್ನು ನುಂಗಿದ್ದು ಮೋಟಾರು ಬಸ್ಸು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಹಳೆಯ ಲಾರಿಗಳು ಅಗ್ಗವಾಗಿ ಸಿಕ್ಕವು. ಮೇಲೆ ಮರದ ಗೂಡು ಕಟ್ಟಿ, ಒಳಗೆ ಬೆಂಚು ಹಾಕಿದರೆ ಬಸ್ಸಾಯಿತು. ಹಳಿ ಹಾಸಬೇಕಿಲ್ಲ, ರಸ್ತೆ ಸರ್ಕಾರದ್ದು. ತುಂಬಿದಾಗ ಹೊರಡುವುದು, ತುಂಬದಿದ್ದರೆ ನಿಲ್ಲುವುದು. ಹೊತ್ತಿಗೆ ಸರಿಯಾಗಿ ಓಡಬೇಕಾದ ಟ್ರಾಂ ಈ ಸ್ಪರ್ಧೆಯಲ್ಲಿ ಗೆಲ್ಲುವಂತಿರಲಿಲ್ಲ. ಬಸ್ಸಿನ ಪೈಪೋಟಿ ರೈಲ್ವೆಗಳಿಗೂ ತಟ್ಟಿ, 1932ರಲ್ಲಿ ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬಿಬ್ಬರು ಅಧಿಕಾರಿಗಳು ಇದರ ವಿಚಾರಣೆಗೆ ನೇಮಕಗೊಂಡರು. 1939ರ ಮೋಟಾರು ವಾಹನ ಕಾಯಿದೆ ಪರ್ಮಿಟ್ಟಿನ ಕಟ್ಟುಪಾಡನ್ನು ತಂದಿತು. ಕಾಯಿದೆಯ ಹಿಂದೆಯೇ ಯುದ್ಧವೂ ಬಂದಿತು. ಪೆಟ್ರೋಲಿಗೆ ರೇಷನ್ ಆಗಿ, ಬಸ್ಸಿನ ಹಿಂಬದಿಗೆ ಇದ್ದಿಲ ಒಲೆಯ ಡ್ರಂ ಕಟ್ಟಿ ಅದರ ಗ್ಯಾಸಿನಿಂದ ಓಡಿಸಿದ ಕಾಲವದು. ಹೊರಡುವ ಮೊದಲು ಕ್ಲೀನರು ಬೆವರಿಳಿಯುವಂತೆ ಫ್ಯಾನು ತಿರುಗಿಸಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ನೂಕಬೇಕು.

ಆದರೆ 1932ರಲ್ಲಿಯೇ ಒಂದು ಸಂಸ್ಥಾನದಲ್ಲಿ ಇದಕ್ಕಿಂತ ಬೇರೆಯಾದ ದಾರಿ ಹಿಡಿದಿದ್ದರು. ಹೈದರಾಬಾದಿನ ನಿಜಾಮ್ ಸ್ಟೇಟ್ ರೈಲ್ವೆಯು ಬಸ್ಸಿನೊಡನೆ ಹೋರಾಡುವ ಬದಲು ತಾನೇ ಬಸ್ಸು ಓಡಿಸತೊಡಗಿತು. ಆ ವರ್ಷದ ಜೂನ್ ತಿಂಗಳಲ್ಲಿ 27 ಬಸ್ಸುಗಳು, 166 ಮಂದಿ ನೌಕರರೊಡನೆ ಅದರ ರಸ್ತೆ ಸಾರಿಗೆ ವಿಭಾಗ ಆರಂಭವಾಯಿತು. (ಆ ಬಸ್ಸುಗಳ ನಂಬರಿನಲ್ಲಿ ಬರುವ 'ಝಡ್' ಅಕ್ಷರ ನಿಜಾಮರ ತಾಯಿ ಜೆಹ್ರಾ ಬೇಗಂ ಅವರ ನೆನಪಿನದೆಂದು ಹೈದರಾಬಾದಿನ ಹಳಬರು ಹೇಳುವುದುಂಟು.) ರೈಲೂ ಬಸ್ಸೂ ಒಬ್ಬನೇ ಯಜಮಾನನ ಕೈಯಲ್ಲಿದ್ದುದೇ ಇದರ ವಿಶೇಷ. ರೈಲು ತಡವಾದರೆ ಬಸ್ಸು ಏಕೆ ಕಾಯಬೇಕೆಂಬ ಪ್ರಶ್ನೆಗೆ ಉತ್ತರ ಕೊಡಲು ಅಲ್ಲಿ ಒಬ್ಬನಿದ್ದನು. ನಾಸಿಕದಲ್ಲಿ ಅಂಥ ಒಬ್ಬನು ಎಂದೂ ಇರಲಿಲ್ಲ. ರೈಲು ಒಂದು ಕಂಪನಿಯದು, ಟ್ರಾಂ ಇನ್ನೊಬ್ಬರದು, ರಸ್ತೆ ಸರ್ಕಾರದ್ದು.

ಸ್ವಾತಂತ್ರ್ಯಾನಂತರ ಹೈದರಾಬಾದಿನ ಏರ್ಪಾಡೂ ಬಿಡಿಬಿಡಿಯಾಯಿತು. 1950ರಲ್ಲಿ ರೈಲ್ವೆ ಕೇಂದ್ರ ಸರ್ಕಾರಕ್ಕೆ ಸೇರಿತು. ಬಸ್ಸುಗಳು 1951ರಲ್ಲಿ ರಾಜ್ಯ ಸರ್ಕಾರದ ಪಾಲಾದವು. ದೇಶದ ಉಳಿದೆಡೆಯೂ ರೈಲು ದೆಹಲಿಯದು, ಬಸ್ಸು ರಾಜ್ಯದ್ದು ಎಂಬ ವಿಭಾಗವೇ ನಿಂತಿತು. 1948ರ ಜೂನ್ 1ರಂದು ಮುಂಬಯಿ ಪ್ರಾಂತದ ಮೊದಲ ಸರ್ಕಾರಿ ಬಸ್ಸು ಪುಣೆ-ಅಹಮದ್‌ನಗರಗಳ ನಡುವೆ ಓಡಿತು. ಅದೇ ವರ್ಷದ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳೊಡನೆ ತನ್ನ ಸಾರಿಗೆ ಇಲಾಖೆಯನ್ನು ಆರಂಭಿಸಿತು. ಈ ರಾಷ್ಟ್ರೀಕರಣ ಹಳ್ಳಿ ಹಳ್ಳಿಗೂ ಬಸ್ಸನ್ನು ಒಯ್ದದ್ದು ನಿಜ, ಅದರ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಸ್ಟೇಷನ್ ಮತ್ತು ಊರಿನ ನಡುವಣ ದಾರಿಗೆ ಯಜಮಾನನು ಸಿಗಲಿಲ್ಲ. ಬಸ್ ಸ್ಟ್ಯಾಂಡುಗಳು ಊರಿನ ನಡುವೆ ಕಟ್ಟಲ್ಪಟ್ಟವು, ಸ್ಟೇಷನ್ನುಗಳು ಇದ್ದಲ್ಲಿಯೇ ಇದ್ದವು. ಎರಡರ ವೇಳಾಪಟ್ಟಿಗಳು ಒಂದನ್ನೊಂದು ಅರಿಯವು.

ದಕ್ಷಿಣ ಕನ್ನಡದ ಕಥೆ ಸ್ವಲ್ಪ ಬೇರೆ. 1907ರಲ್ಲಿ ಮಂಗಳೂರಿಗೆ ರೈಲು ಬಂದರೂ ಉಡುಪಿಯ ಕಡೆಗೆ ಬಾರಲು ಅದು 1993ರವರೆಗೆ ತೆಗೆದುಕೊಂಡಿತು. ಅಷ್ಟು ಕಾಲವೂ ಜನರನ್ನು ಸಾಗಿಸಿದ್ದು ಖಾಸಗಿ ಬಸ್ಸುಗಳೇ. ಸೇತುವೆಗಳಿಲ್ಲದ ದಿನಗಳಲ್ಲಿ ಬಸ್ಸು ಹೊಳೆಯ ದಂಡೆಯವರೆಗೆ, ಆಮೇಲೆ ದೋಣಿ, ಆಚೆಯ ದಡದಲ್ಲಿ ಇನ್ನೊಂದು ಬಸ್ಸು. ದೋಣಿ ಬರುವವರೆಗೆ ಆಚೆಯ ಬಸ್ಸು ಕಾಯುತ್ತಿತ್ತು. ಕೊಂಕಣ ರೈಲ್ವೆ 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದಾಗ ಮುಂಬಯಿಯ ಕನ್ನಡಿಗರು ಪಟ್ಟ ಸಂತೋಷ ಬಣ್ಣಿಸಲಳವಲ್ಲ. ಆದರೆ ಉಡುಪಿಯ ಸ್ಟೇಷನ್ನು ಇಂದ್ರಾಳಿಯಲ್ಲಿ, ರಥಬೀದಿಯಿಂದ ಮೂರು ಕಿ.ಮೀ. ದೂರದಲ್ಲಿ. ಮಂತ್ರಾಲಯದ ದೂರ ಇನ್ನೂ ಹೆಚ್ಚು. ಹಿಂದೆ ತುಂಗಭದ್ರಾ ಎಂದಿದ್ದ ಸ್ಟೇಷನ್ನಿಗೆ ಮಂತ್ರಾಲಯಂ ರೋಡ್ ಎಂಬ ಹೆಸರು ಬಂದಿತಾದರೂ ಶ್ರೀ ರಾಯರ ಸನ್ನಿಧಿಗೆ ಅಲ್ಲಿಂದ ಹದಿನೈದು-ಹದಿನಾರು ಕಿ.ಮೀ. ಉಳಿದೇ ಇದೆ. ರೈಲು ಬಂದ ಹೊತ್ತಿಗೆ ಬಸ್ಸು ಸಿಕ್ಕದಿದ್ದರೆ ಭಕ್ತರಿಗೆ ಆಟೋ, ಜೀಪುಗಳೇ ಗತಿ; ಚೌಕಾಸಿ ಅಂದಿನ ಟಾಂಗಾದ ಕಾಲದ್ದೇ.

ನಾಸಿಕದಲ್ಲಿ ಮುಂದೇನಾಯಿತೆಂಬುದನ್ನು ಹೇಳಬೇಕು. 1920ರ ದಶಕದಲ್ಲಿ ಸ್ಟೇಷನ್ನಿನ ಬಳಿ ಸರ್ಕಾರದ ನೋಟು, ಸ್ಟಾಂಪುಗಳ ಮುದ್ರಣಾಲಯಗಳು ಬಂದು ನಾಸಿಕ್ ರೋಡ್ ತಾನೇ ಒಂದು ಊರಾಗಿ ಬೆಳೆದಿತ್ತು. ಟ್ರಾಂ ನಿಂತದ್ದು ಆ ದಾರಿಯಲ್ಲಿ ಜನ ಹೆಚ್ಚತೊಡಗಿದ ಹೊತ್ತಿನಲ್ಲಿ! 1982ರಲ್ಲಿ ಎರಡು ಊರುಗಳೂ ಒಂದೇ ಮಹಾನಗರಪಾಲಿಕೆಯಾದವು. ನಗರದ ಬಸ್ಸುಗಳನ್ನು ಬಹುಕಾಲ ರಾಜ್ಯ ಸಾರಿಗೆ ನಿಗಮವೇ ನಷ್ಟದಲ್ಲಿ ಓಡಿಸಿತು. 2021ರ ಜುಲೈನಲ್ಲಿ ಪಾಲಿಕೆಯ 'ಸಿಟಿಲಿಂಕ್' ಸೇವೆ ಆರಂಭವಾಯಿತು. ಅದೇ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ನಾಸಿಕದ ಮೆಟ್ರೊ ಯೋಜನೆಗೆ 2,092 ಕೋಟಿ ರೂಪಾಯಿಗಳ ಘೋಷಣೆಯಾಯಿತು. ಉಕ್ಕಿನ ಹಳಿಯಿಲ್ಲದೆ, ರಬ್ಬರ್ ಚಕ್ರದ ಗಾಡಿಗಳು ಮೇಲಿನ ತಂತಿಯ ವಿದ್ಯುತ್ತಿನಿಂದ ಓಡುವ ಯೋಜನೆ ಅದು. ಮುಖ್ಯ ಮಾರ್ಗ 22 ಕಿ.ಮೀ.; ಒಂದು ತುದಿ ಗಂಗಾಪುರ, ಇನ್ನೊಂದು ತುದಿ ನಾಸಿಕ್ ರೋಡ್ ಸ್ಟೇಷನ್. ಘೋಷಣೆಯಾದ ಮೇಲೆ ವರ್ಷಗಳು ಉರುಳಿದರೂ ಒಂದು ಕಂಬವೂ ಏಳಲಿಲ್ಲ. 1889ರಲ್ಲಿ ನಾಲ್ಕು ಕುದುರೆಗಳು ಎರಡು ಡಬ್ಬಿಗಳನ್ನು ಎಳೆದುಕೊಂಡು ಹೋಗುತ್ತಿದ್ದ ದಾರಿಯಲ್ಲಿ, 2015ರ ಸಿಂಹಸ್ಥಕ್ಕೆ ಬಂದಿಳಿದ ಯಾತ್ರಿಕರು ಬಸ್ಸಿಗೂ ಆಟೋಗೂ ಕಾಯುತ್ತ ನಿಂತಿದ್ದರು.